ಎರಡನೇ ಹೆಸರಿನ ಜಾಗ

"ಇಷ್ಟೂ ಮಾಂಸದ ಪೈ ನೀವೊಬ್ಬರೇ ತಿಂದಿದ್ದಾ?"

ಪರಿಚಯವಾಗಿ ಇನ್ನೂ ಹತ್ತು ನಿಮಿಷವಾಗಿರಲಿಲ್ಲ. ರೋನಾಳ ಲ್ಯಾಪ್‌ಟಾಪ್ ಮುಂದೆ ಕುಳಿತ ಆ ಮನುಷ್ಯ ತಲೆ ಕೂಡ ಎತ್ತದೆ ಕೇಳಿದ ಮೊದಲ ಪ್ರಶ್ನೆ ಅದು!

ಅವಳ ಮುಖ ಬಿಸಿಯಾಯಿತು.

"ಯಾಕೆ, ತಿನ್ನಬಾರದಾ?"

"ತಿನ್ನಿ. ಆದ್ರೆ ಅಂಗಡಿ ಖಾತೆ ದುಡ್ಡಲ್ಲಿ ತಿನ್ನಬೇಡಿ. ಸೋಮವಾರ ಒಂದು ಪೈ, ಮಂಗಳವಾರ ಒಂದು ಪೈ, ಬುಧವಾರ ಒಂದು ಪೈ. ಶುಕ್ರವಾರ ಒಂದು ಮೀನು, ಒಂದು ಪೊಟ್ಟಣ ಚಿಪ್ಸ್. ಅಲಗು ಸಾಣೆ ಹಿಡಿಯೋಕೂ ಇದಕ್ಕೂ ಏನ್ರೀ ಸಂಬಂಧ ಅಂತ ತೆರಿಗೆಯವರು ಕೇಳ್ತಾರೆ."

ಅವನು ತಮಾಷೆಗೆ ಹೇಳಿದ್ದ. ಅವಳಿಗೆ ನಗು ಬರಲಿಲ್ಲ. ಒಂದು... ಒಂದು... ಒಂದು... ತನ್ನ ಎರಡು ವರ್ಷದ ಬದುಕನ್ನು ಅಪರಿಚಿತನೊಬ್ಬ ಗಟ್ಟಿಯಾಗಿ ಓದಿ ಹೇಳಿದಂತಾಯಿತು.

ರಿವರ್ಟನ್ ಊರಿನ ಕಡಲ ಬದಿಯ ಆ ಸಾಣೆ ಅಂಗಡಿ ಅವಳ ಅಪ್ಪನದು. ಕುರಿಯ ಉಣ್ಣೆ ಕತ್ತರಿಸುವವರು ಮೊಂಡಾದ ಅಲಗುಗಳನ್ನು ಡಬ್ಬಿಯಲ್ಲಿ ತುಂಬಿ ಅಂಚೆಗೆ ಹಾಕುತ್ತಾರೆ, ಅವಳು ಹರಿತ ಮಾಡಿ ಅಂಚೆಯಲ್ಲೇ ಹಿಂದಿರುಗಿಸುತ್ತಾಳೆ. ಬಾಗಿಲಿಗೆ ಬಂದು ಮಾತಾಡುವ ಗಿರಾಕಿ ತಿಂಗಳಿಗೊಬ್ಬ ಇದ್ದರೆ ಹೆಚ್ಚು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಮೂವತ್ತೊಂಬತ್ತರ ರೋನಾಳಿಗೆ ಉಳಿದ ಸಂಗಾತಿಗಳು ಎರಡೇ. ಒಂದು ಸಾಣೆ ಯಂತ್ರ, ಇನ್ನೊಂದು ರೇಡಿಯೋ.

ಮೂವತ್ತು ವರ್ಷ ಅಂಗಡಿಯ ಲೆಕ್ಕ ಬರೆದಿದ್ದ ಎಲ್ಸ್‌ಪೆತ್ ಅಜ್ಜಿ ಈ ಫೆಬ್ರವರಿಯಲ್ಲಿ ಪೆನ್ನು ಕೆಳಗಿಟ್ಟಿದ್ದಳು. "ನನ್ನ ಕಣ್ಣು ಹೋಯ್ತು ಮಗಳೇ. ಈಗ ಎಲ್ಲಾ ಆನ್‌ಲೈನು. ಲೆಕ್ಕ ನೋಡೋ ರೆವಿನ ಕಳಿಸ್ತೀನಿ. ಯಾವ ಸಾಫ್ಟ್‌ವೇರ್ ನಿಂಗೆ ಸರಿಹೋಗುತ್ತೆ ಅಂತ ಅವನೇ ನೋಡಿ ಹೇಳ್ತಾನೆ" ಎಂದಿದ್ದಳು.

ಹಾಗೆ ಪ್ರತಿ ಮಂಗಳವಾರ ಬರತೊಡಗಿದವನು ಈ ರೆವಿ. ಎರಡನೇ ಮಂಗಳವಾರ ಅವನು ಬಂದಾಗ ರೋನಾ ಎರಡು ಪೈ ತಂದಿಟ್ಟಿದ್ದಳು.

"ಯಾವ ಖಾತೆಯಿಂದ?" ಎಂದ.

"ಸ್ವಂತ ಖಾತೆಯಿಂದ. ಬೇಕಾದ್ರೆ ತಿನ್ನಿ, ಇಲ್ಲಾಂದ್ರೆ ನಾಯಿಗೆ ಹಾಕ್ತೀನಿ."

"ನಿಮ್ಮ ಹತ್ರ ನಾಯಿ ಇಲ್ವಲ್ಲ?"

"ಅದಕ್ಕೇ ನಿಮಗೆ ಕೊಟ್ಟಿದ್ದು."

ಅವನು ಬಿದ್ದು ಬಿದ್ದು ನಕ್ಕ. ಆ ಅಂಗಡಿಯಲ್ಲಿ ಎರಡು ವರ್ಷದಿಂದ ಯಾರೂ ಹಾಗೆ ನಕ್ಕಿರಲಿಲ್ಲ.

ಅವನು ಆರಿಸಿ ತಂದ ಸಾಫ್ಟ್‌ವೇರ್ ಮೂರು. ಮೊದಲನೆಯದು ಅಗ್ಗ, ಆದರೆ ಬ್ಯಾಂಕಿನ ಒಂದೊಂದು ಸಾಲನ್ನೂ ಕೈಯಾರೆ ಹಾಕಬೇಕು. ಎರಡನೆಯದರಲ್ಲಿ ಬ್ಯಾಂಕಿನ ಸಾಲುಗಳು ತಾವಾಗಿಯೇ ಬಂದು ಕೂರುತ್ತವೆ, ಜಿಎಸ್‌ಟಿಯನ್ನೂ ಅದೇ ಹಾಕುತ್ತದೆ. ಮೂರನೆಯದು ಎರಡನೆಯದರ ಹಾಗೆಯೇ, ಆದರೆ ಇಬ್ಬರು ತಮ್ಮ ತಮ್ಮ ಹೆಸರಲ್ಲಿ ತೆರೆಯಬಹುದು. ತಿಂಗಳಿಗೆ ಹದಿನೈದು ಡಾಲರ್ ಹೆಚ್ಚು.

ಮೂರನ್ನೂ ಪುಕ್ಕಟೆ ನೋಡಲು ಒಂದು ತಿಂಗಳ ಗಡುವು. ರೋನಾಳಿಗೆ ಲೆಕ್ಕ ಎಷ್ಟು ಅರ್ಥವಾಯಿತೋ ಬಿಟ್ಟಿತೋ, ಮಂಗಳವಾರಗಳು ಮಾತ್ರ ಚೆನ್ನಾಗಿ ಅರ್ಥವಾದವು. ಸೋಮವಾರ ಸಂಜೆಯೇ ನೆಲ ಗುಡಿಸುತ್ತಿದ್ದಳು.

ನಾಲ್ಕನೇ ಮಂಗಳವಾರ ಅವನು ಹೇಳಿದ, "ಮೂರನೇದು ತಗೊಳ್ಳಿ."

"ನಾನೊಬ್ಬಳೇ ಇರೋದು. ಇಬ್ಬರದ್ದು ಯಾಕೆ? ಎರಡನೇ ಹೆಸರು ನಿಮ್ಮದಾ?"

"ಅಲ್ಲ. ಲೆಕ್ಕ ನೋಡೋ ನನ್ನಂಥವರಿಗೆ ಬೇರೆ ಜಾಗ ಇದೆ, ಅದಕ್ಕೆ ದುಡ್ಡಿಲ್ಲ. ಈ ಜಾಗ ನಿಮ್ಮವರಿಗೆ. ನಿಮ್ಮವರು ಅಂತ ಯಾರಾದ್ರೂ..."

"ಯಾರೂ ಇಲ್ಲ."

"ಯೋಚನೆ ಮಾಡಿ. ಒಬ್ಬರಾದ್ರೂ..."

"ಇಲ್ಲ ಅಂದ್ನಲ್ಲ?" ಅವಳಿಗೆ ಅಳು ಬರುವುದರಲ್ಲಿತ್ತು. ಅಳಬಾರದೆಂದು ಸಿಟ್ಟು ತಂದುಕೊಂಡಳು. "ದುಬಾರಿದು ಮಾರಿದ್ರೆ ನಿಮಗೆ ಕಮಿಷನ್ ಎಷ್ಟು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೆವಿ ಲ್ಯಾಪ್‌ಟಾಪ್ ಮುಚ್ಚಿದ. ಅರ್ಧ ಕುಡಿದ ಚಹಾವನ್ನು ಮೆಲ್ಲಗೆ ಪಕ್ಕಕ್ಕಿಟ್ಟ.

"ಒಬ್ಬರದ್ದೇ ತಗೊಳ್ಳಿ. ನಿಮ್ಮಿಷ್ಟ" ಎಂದು ಹೊರಟುಹೋದ.

ಮುಂದಿನ ಮಂಗಳವಾರ ಅವನು ಬರಲಿಲ್ಲ. ಬಂದವಳು ಎಲ್ಸ್‌ಪೆತ್ ಅಜ್ಜಿ, ಕೈಯಲ್ಲಿ ಒಂದು ಡಜನ್ ಚೀಸ್ ರೋಲ್. ನಡೆದದ್ದನ್ನು ಕೇಳಿ ಅಜ್ಜಿ ಕುರ್ಚಿ ಎಳೆದುಕೊಂಡು ಕುಳಿತಳು.

"ಅವನ ಅಣ್ಣನಿಗೆ ಮೀನಿನ ದೋಣಿ ಇತ್ತು. ಮೂರು ವರ್ಷದ ಹಿಂದೆ ಬಂದರಿನಲ್ಲೇ ಎದೆ ಹಿಡ್ಕೊಂಡು ಬಿದ್ದ, ಏಳಲೇ ಇಲ್ಲ. ಲೆಕ್ಕ ಎಲ್ಲಾ ಅವನೊಬ್ಬನ ಹೆಸರಲ್ಲಿ. ಹೆಂಡತಿ ಏಳು ವಾರ ಅದನ್ನ ತೆರೆಯೋಕಾಗದೆ ಪರದಾಡಿದ್ಲು. ದೋಣಿಯವರಿಗೆ ಸಂಬಳ ಇಲ್ಲ, ಯಾರಿಗೆ ಎಷ್ಟು ಅಂತ ಗೊತ್ತಿಲ್ಲ. ದುಡ್ಡು ಉಳೀಲಿ ಅಂತ ಆ ಒಬ್ಬರ ಪ್ಲಾನ್ ಹಾಕಿಕೊಟ್ಟಿದ್ದು ಯಾರು ಗೊತ್ತಾ? ರೆವಿನೇ."

ರೋನಾ ಅಜ್ಜಿಯ ಎದುರು ಕುಳಿತಳು.

"ಅಣ್ಣ ಹೋದ್ಮೇಲೆ ಅವನು ವರ್ಷಾ ವರ್ಷಾ ಟೀಟಿ ಅನ್ನೋ ಕಡಲಹಕ್ಕಿ ಹಿಡಿಯೋಕೆ ಹೋಗೋ ದ್ವೀಪಕ್ಕೂ ಹೋಗ್ತಿಲ್ಲ ಮಗಳೇ. ಏಪ್ರಿಲ್ ಬಂದ್ರೆ ಅವನ ಮನೆಯವರೆಲ್ಲ ಹೋಗ್ತಾರೆ, ಇವನೊಬ್ಬ ಇಲ್ಲೇ ಉಳ್ಕೋತಾನೆ. ಅವನೂ ನಿನ್ನ ಹಾಗೇ."

ಅಜ್ಜಿ ಹೋದ ಮೇಲೆ ರೋನಾ ಮೂರನೆಯದನ್ನೇ ಒತ್ತಿದಳು. ಪರದೆ ಎರಡನೇ ಹೆಸರು ಕೇಳಿತು.

ಯಾರು? ಅಪ್ಪ ಇಲ್ಲ. ಒಡಹುಟ್ಟಿದವರಿಲ್ಲ. ಅಜ್ಜಿಗೆ ಎಂಬತ್ತೊಂದು. ನಾಳೆ ತಾನು ಈ ಯಂತ್ರದ ಪಕ್ಕದಲ್ಲೇ ಬಿದ್ದರೆ, ಅಲಗಿನ ಡಬ್ಬಿಗಳು ಬಾಗಿಲಲ್ಲಿ ರಾಶಿ ಬಿದ್ದ ಮೇಲೆ ಅಂಚೆಯವನಿಗೆ ಗೊತ್ತಾಗಬೇಕು... ಆ ಚಿಕ್ಕ ಖಾಲಿ ಜಾಗವನ್ನು ನೋಡುತ್ತಾ ರೋನಾ ಅತ್ತಳು. ಒಂಟಿತನಕ್ಕೆ ಇಷ್ಟು ಸ್ಪಷ್ಟವಾದ ರೂಪವಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕಣ್ಣೊರೆಸಿಕೊಂಡು ಟೈಪ್ ಮಾಡಿದಳು. ರೆವಿ.

'ಆಹ್ವಾನ ಕಳಿಸಲಾಗಿದೆ. ಹದಿನಾಲ್ಕು ದಿನ ಮಾತ್ರ.'

ಮೊದಲ ದಿನ ಆರು ಸಲ ತೆರೆದು ನೋಡಿದಳು. ಮೂರನೇ ದಿನ ಫೋನ್ ಮಾಡಿದಳು, ಫೋನ್ ಆಫ್ ಆಗಿತ್ತು. ಹತ್ತನೇ ದಿನದ ಹೊತ್ತಿಗೆ ನೋಡಲು ಧೈರ್ಯ ಸಾಲಲಿಲ್ಲ. ಹದಿನೈದನೇ ಬೆಳಿಗ್ಗೆ ಅವನ ಹೆಸರಿನ ಮುಂದೆ 'ಅವಧಿ ಮುಗಿದಿದೆ' ಎಂದು ಬಿದ್ದಿತ್ತು.

'ತಪ್ಪು ನನ್ನದೇ... ಒಪ್ಪಬೇಕು ಅಂತೇನಿದೆ?' ಎಂದುಕೊಂಡಳು.

ಒಬ್ಬರ ಪ್ಲಾನಿಗೆ ಇಳಿಯಬಹುದಿತ್ತು. ಇಳಿಯಲಿಲ್ಲ. ತಿಂಗಳಿಗೆ ಹದಿನೈದು ಡಾಲರ್ ಕೊಟ್ಟು ಆ ಖಾಲಿ ಜಾಗವನ್ನು ಹಾಗೆಯೇ ಉಳಿಸಿಕೊಂಡಳು. ಹುಚ್ಚೆಂದರೆ ಹುಚ್ಚೇ. ಡಜನ್ ಚೀಸ್ ರೋಲ್ ಫ್ರೀಜರಿನಲ್ಲಿತ್ತು. ವಾರಕ್ಕೊಂದೋ ಎರಡೋ ತೆಗೆದು ತಿನ್ನುತ್ತಿದ್ದಳು.

ಮೇ ತಿಂಗಳ ನಡುವೆ ಒಂದು ಮಂಗಳವಾರ ಬಾಗಿಲು ತಳ್ಳಿಕೊಂಡು ಬಂದವನನ್ನು ಅವಳು ತಕ್ಷಣ ಗುರುತಿಸಲಿಲ್ಲ. ಗಡ್ಡ ಬಿಟ್ಟಿದ್ದ, ಗಾಳಿಗೆ ಮುಖ ಕಂದಿತ್ತು, ಕೈಯಲ್ಲಿ ಮುಚ್ಚಳದ ಬಕೆಟ್ ಇತ್ತು. ರೋನಾ ಯಂತ್ರ ನಿಲ್ಲಿಸಿದಳು.

"ಉಪ್ಪು ಹಾಕಿದ ಟೀಟಿ ಮಾಂಸ. ನಿಮಗೆ" ಎಂದ ರೆವಿ.

"ದ್ವೀಪಕ್ಕೆ ಹೋಗಿದ್ರಾ? ಈಗ ಹೋಗೋದೇ ಇಲ್ಲ ಅಂತ ಅಜ್ಜಿ..."

"ಹೋಗ್ತಿರಲಿಲ್ಲ. ನಿಮ್ಮ ಹತ್ರ ಜಗಳ ಆಡಿ ಮನೆಗೆ ಹೋದೆ. ಅವತ್ತು ಒಂದು ಯೋಚನೆ ಬಂತು. ಯಾರಾದ್ರೂ ಇರಲಿ, ಯಾರಾದ್ರೂ ಇರಲಿ ಅಂತ ಊರಿಗೆಲ್ಲ ಹೇಳ್ತೀನಿ, ನಾನು ಮಾತ್ರ ಒಬ್ಬನೇ ಕೂತಿದ್ದೀನಿ. ಅತ್ತಿಗೆ, ಮಕ್ಕಳ ಜೊತೆ ದೋಣಿ ಹತ್ತಿಬಿಟ್ಟೆ. ಅಲ್ಲಿ ಸಿಗ್ನಲ್ ಇಲ್ಲ. ನಿನ್ನೆ ಬ್ಲಫ್ ಬಂದರಿಗೆ ಬಂದ್ಮೇಲೆ ಫೋನಿಗೆ ಜೀವ ಬಂತು."

ಅವನು ಬಕೆಟ್ ಕೆಳಗಿಟ್ಟ.

"ಆಹ್ವಾನ ನೋಡಿದೆ. ಅವಧಿ ಮುಗಿದಿತ್ತು. ಲೆಕ್ಕದವನ ಜಾಗದಲ್ಲಿ ಹಾಕೋದು ಬಿಟ್ಟು ಆ ಇನ್ನೊಂದು ಜಾಗದಲ್ಲಿ ಹಾಕಿದ್ರಿ. ಗೊತ್ತಾಗದೆ ಹಾಕಿದ್ರಾ?"

ಈಗ ಹೌದು ಎಂದರೆ ಮಾನ ಉಳಿಯುತ್ತಿತ್ತು. ಅವಳಿಗೆ ಮಾನ ಬೇಡವಾಗಿತ್ತು.

"ಗೊತ್ತಿದ್ದೇ ಹಾಕಿದ್ದು. ನಂಗೇನಾದ್ರೂ ಆದ್ರೆ ಒಬ್ಬರಿಗೆ ಗೊತ್ತಾಗಬೇಕು ಅನ್ನಿಸ್ತು. ಆ ಒಬ್ಬರು ನೀವೇ ಆಗಬೇಕು ಅನ್ನಿಸ್ತು... ಅವತ್ತು ಆಡಿದ ಮಾತಿಗೆ ತಪ್ಪಾಯ್ತು, ರೆವಿ."

ಅವನು ಹತ್ತಿರ ಬಂದ. ಅವಳ ಕೈಯ ಕಬ್ಬಿಣದ ಪುಡಿಯನ್ನು ತನ್ನ ಹೆಬ್ಬೆರಳಿನಿಂದ ಒರೆಸಿದ. ಅವನ ಕಣ್ಣು ತುಂಬಿತ್ತು.

"ಇನ್ನೊಂದು ಸಲ ಕಳಿಸು, ರೋನಾ."

ಕಳಿಸು... ಬಹುವಚನ ಬಿಟ್ಟಿದ್ದ. ಅವಳು ಮತ್ತೆ ಆಹ್ವಾನ ಒತ್ತಿದಳು. ಅವನ ಜೇಬಿನಲ್ಲಿ ಫೋನ್ ಸದ್ದು ಮಾಡಿತು.

"ನೋಡಲ್ವಾ? ಹದಿನಾಲ್ಕೇ ದಿನ ಇರೋದು."

"ನೋಡ್ತೀನಿ. ಮೊದಲು ಚಹಾ ಇಡು. ಹೋದ ಸಲ ಅರ್ಧ ಬಿಟ್ಟು ಹೋಗಿದ್ದೆ."

"ತಿನ್ನೋಕೆ ಚೀಸ್ ರೋಲ್ ಒಂದೇ ಒಂದು ಉಳಿದಿದೆ."

"ಸಾಕು" ಎಂದ ರೆವಿ. "ಇಬ್ಬರಿಗೂ ಆಗುತ್ತೆ."