ಪ್ರೇಮಬಿಂದುವೋ, ರಕ್ತನಾಳವೋ

"ನೀವು ತೋರಿಸ್ತಿರೋದು ಪ್ರೀತಿ ಅಲ್ಲ. ಒಂದು ದಪ್ಪ ರಕ್ತನಾಳ."

ಸಭಾಂಗಣದ ಕೊನೆಯ ಸಾಲಿನಿಂದ ಬಂದ ಮಾತಿಗೆ ನಾಲ್ಕಾರು ಜನ ಕಿಸಕ್ಕೆಂದರು. ವೇದಿಕೆಯ ಮೇಲಿದ್ದ ಸಂಶೋಧಕಿಯ ಕಿವಿ ಬಿಸಿಯಾಯಿತು.

ಎರಡು ವರ್ಷ ಅವಳು ಮೂವತ್ತು ಜನರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅವರವರ ಸಂಗಾತಿಯ ಫೋಟೋ ತೋರಿಸಿ, ಮೆದುಳಿನಲ್ಲಿ ಬೆಳಗುವ ಒಂದು ಕೆಂಪು ಚುಕ್ಕೆಯನ್ನು ಹಿಡಿದಿದ್ದಳು. ಅಂಕಿಅಂಶಕ್ಕಿಂತ ಮೊದಲು ಕ್ಯಾಮೆರಾ ಎಲ್ಲಿದೆಯೆಂದು ನೋಡುವ ಅವಳ ಪ್ರೊಫೆಸರು ಅದಕ್ಕಾಗಲೇ 'ಪ್ರೇಮಬಿಂದು' ಎಂದು ಹೆಸರಿಟ್ಟು ಪತ್ರಿಕೆಯವರಿಗೂ ಊದಿದ್ದರು.

ಎದ್ದು ನಿಂತವನು ರಕ್ತನಾಳಗಳ ಡಾಕ್ಟರು. ಯಂತ್ರಕ್ಕೆ ಯೋಚನೆ ಕಾಣುವುದಿಲ್ಲ, ರಕ್ತದ ಆಮ್ಲಜನಕದ ಏರಿಳಿತವಷ್ಟೇ ಕಾಣುತ್ತದೆ. ಸುತ್ತಲಿನ ರಕ್ತವೆಲ್ಲ ಹರಿದು ಸೇರುವ ದೊಡ್ಡ ನಾಳವೇ ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತದೆ ಎಂದು ಎಳೆಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ. ಅನುಮಾನವಿದ್ದರೆ ಫೋಟೋ ತೋರಿಸದೆ ಬರೀ ಉಸಿರು ಬಿಗಿಹಿಡಿಸಿ ನೋಡಿ, ಆಗಲೂ ಅದೇ ಚುಕ್ಕೆ ಬೆಳಗುತ್ತದೆ ಎಂದ.

'ಕೊಳಾಯಿ ರಿಪೇರಿಯವನು... ಇವನಿಗೇನು ಗೊತ್ತು ಪ್ರೀತಿ?' ಎಂದು ಅವಳು ಒಳಗೊಳಗೇ ಉರಿದಳು.

ಅಂದಿನಿಂದ ಲ್ಯಾಬಿನಲ್ಲಿ ಅವನ ಹೆಸರೇ 'ಕೊಳಾಯಿ' ಆಯಿತು. ವಾರವಿಡೀ ಅಕ್ಕನಿಗೆ ಫೋನು ಮಾಡಿ ಅವನನ್ನು ಬೈದಳು. ಇಷ್ಟು ಹೊತ್ತು ಒಬ್ಬನನ್ನೇ ನೆನೆಯುವುದಕ್ಕೆ ಬೈಗುಳ ಅನ್ನುತ್ತಾರಾ ಎಂದು ಅಕ್ಕ ಕೇಳಿದಾಗ ಫೋನಿಟ್ಟಳು.

ಅವನ ಸೊಕ್ಕು ಮುರಿಯಲೆಂದೇ ಅದೇ ಮೂವತ್ತು ಜನರನ್ನು ಮತ್ತೆ ಕರೆಸಿದಳು. ಖಾಲಿ ಪರದೆ. ಯಾರ ಫೋಟೋವೂ ಇಲ್ಲ. ಇಪ್ಪತ್ತು ಸೆಕೆಂಡು ಉಸಿರು ಬಿಗಿಹಿಡಿಯಿರಿ, ಅಷ್ಟೇ.

ಚುಕ್ಕೆ ಬೆಳಗಿತು. ಅದೇ ಜಾಗದಲ್ಲಿ, ಅಷ್ಟೇ ಕೆಂಪಾಗಿ. ಮೂವತ್ತರಲ್ಲಿ ಇಪ್ಪತ್ತೇಳು ಜನರಿಗೆ...

ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪ್ರೊಫೆಸರು ಮಾತ್ರ ತಣ್ಣಗಿದ್ದರು. ಈ ಫಲಿತಾಂಶವನ್ನು ಯಾರೂ ಕೇಳಿಲ್ಲವಲ್ಲ, ಮುಚ್ಚಿಡು ಎಂದರು. ಅವಳು ಮುಚ್ಚಿಡಲಿಲ್ಲ. ತಾನು ಹೇಳಿದ್ದು ತಪ್ಪೆಂದು ಬರೆದು, ಪ್ರೇಮಬಿಂದುವಿನ ಪ್ರಬಂಧವನ್ನು ಹಿಂತೆಗೆದುಕೊಂಡಳು. ಮರುದಿನವೇ ಅವಳ ಸ್ಕ್ಯಾನರ್ ಸಮಯ ರದ್ದಾಯಿತು. ಆ ಡಾಕ್ಟರು ನಿನ್ನ ವಿಷಯವಾಗಿ ಸಂಸ್ಥೆಯ ನಿರ್ದೇಶಕರಿಗೆ ಪತ್ರ ಬರೆದಿದ್ದಾನೆ ಎಂದು ಪ್ರೊಫೆಸರು ತುಟಿ ಕೊಂಕಿಸಿದರು.

ಬಿದ್ದವಳ ಮೇಲೆ ಇನ್ನೊಂದು ಒದೆಯೇ? ಅವಳು ನೇರ ಅವನ ಕೋಣೆಗೆ ನುಗ್ಗಿ, ನನ್ನ ಬಗ್ಗೆ ಏನು ಬರೆದಿರಿ ಎಂದು ಕೇಳಿದಳು.

ಅವನು ಪತ್ರದ ನಕಲನ್ನು ಮುಂದಿಟ್ಟ. ತನಗೆ ಸಿಗುವ ಸ್ಕ್ಯಾನರ್ ಸಮಯದಲ್ಲಿ ಅರ್ಧವನ್ನು ಅವಳಿಗೆ ಕೊಡಬೇಕೆಂದು ಕೋರಿದ್ದ. ಅವಳು ಅದನ್ನು ಹಿಂದಕ್ಕೆ ತಳ್ಳಿದಳು.

"ನಿಮ್ಮ ಕನಿಕರ ನನಗೆ ಬೇಡ."

"ಕನಿಕರ ಅಲ್ಲ. ಈ ಕಟ್ಟಡದಲ್ಲಿ 'ನಾನು ಹೇಳಿದ್ದು ತಪ್ಪು' ಅಂದವರು ನೀವೊಬ್ರೇ. ಉಳಿದವರನ್ನ ಕಂಡ್ರೆ ನನಗಾಗಲ್ಲ."

"ನನ್ನ ಕಂಡ್ರೆ?"

ಎಲ್ಲರ ಬಾಯಿ ಮುಚ್ಚಿಸುವವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ನಿಮ್ಮನ್ನ... ಕಾಣದಿದ್ರೆ ಆಗಲ್ಲ."

"ಇದನ್ನ ಹೇಳೋಕೆ ಇಷ್ಟು ದಿನ ಬೇಕಿತ್ತಾ?"

"ನೀವು ನನ್ನ ಮುಖ ನೋಡಿದ್ದೇ ಇವತ್ತು."

ಅವಳು ನೋಡುತ್ತಲೇ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.