ಮುನಿರಾಮಯ್ಯನ ಹೊಲದ ಉಮ್ಮತ್ತಿ

“ಆಶಮ್ಮಾ, ನನ್ ಒಲದಾಗೆ ಕಳ್ತನ ಆಗೈತೆ!”

2017ರ ಶ್ರಾವಣದ ಒಂದು ಬೆಳಿಗ್ಗೆ ಮುನಿರಾಮಯ್ಯ ನಮ್ಮ ಬಾಗಿಲಲ್ಲಿ ನಿಂತಿದ್ದ. ಚಿಕ್ಕಜಾಲದಲ್ಲಿ ಏನೇ ಕಳೆದರೂ ಜನ ಮೊದಲು ಬರುತ್ತಿದ್ದುದು ನನ್ನ ಹೆಂಡತಿ ಆಶಾರಾಣಿಯ ಹತ್ತಿರ. ಪೊಲೀಸರ ಹತ್ತಿರ ಆಮೇಲೆ. ನಾನು ಅವಳ ಚೀಲ ಹೊರುವ ಸಹಾಯಕ, ಸಂಬಳವಿಲ್ಲ.

ಕಳವಾದದ್ದು ಮೂರು ಉಮ್ಮತ್ತಿ ಗಿಡ. ರಾಗಿ ಹೊಲದಲ್ಲಿ ತಾನಾಗಿ ಹುಟ್ಟಿದ ಕಳೆಯೇ. ಆದರೆ ಆ ಮೂರರ ಹೂವಿಗೆ ಮಾತ್ರ ಒಂದರೊಳಗೊಂದು ಎರಡು ಸುತ್ತು ದಳ.

“ಕಳೆ ತಾನೇ, ಹೋದ್ರೆ ಹೋಗ್ಲಿ ಬಿಡು,” ಎಂದೆ. ಅವನು ನನ್ನನ್ನು ನುಂಗುವಂತೆ ನೋಡಿದ.

“ಪಕ್ಕದ್ಮನೆ ಅಕ್ಬರ್ ಪಾಷಾಂದೇ ಕೆಲಸ. ‘ಇಸದ ಗಿಡ, ನನ್ ದನ ತಿಂದ್ರೆ ಸಾಯ್ತದೆ’ ಅಂತಿದ್ದ. ಕೇಳಿದ್ರೆ ಊಂ ಅನ್ನಲ್ಲ, ಊಹೂಂ ಅನ್ನಲ್ಲ. ಭಾನುವಾರ ಅವನ ಮಗಳ ಮದುವೆ. ಆ ಕಡೆ ತಲೆ ಹಾಕಿ ಮಲಗಲ್ಲ ನಾನು!”

ಆ ಮಗಳು ನೂರ್‌ಜಹಾನ್ ಇವನ ಹೆಗಲ ಮೇಲೇ ಬೆಳೆದ ಹುಡುಗಿ.

ಹೊಲದಲ್ಲಿ ಆಶಾ ಕುಕ್ಕರಗಾಲಲ್ಲಿ ಕೂತು ನೋಡಿದಳು. ಮಾಮೂಲಿ ಉಮ್ಮತ್ತಿಗಳು ಪಕ್ಕದಲ್ಲೇ ಹಾಗೇ ನಿಂತಿದ್ದವು. ಗಿಡ ತೆಗೆದ ಆಳದ ಗುಂಡಿಗಳಿಗೆ ಮಣ್ಣು ತುಂಬಿ ಯಾರೋ ಅಂಗೈಯಲ್ಲಿ ತಟ್ಟಿದ್ದರು. ಹೊಲದ ತುಂಬ ಕಳೆಯಿದ್ದರೂ ಗುಂಡಿಗಳ ಸುತ್ತ ಮಾತ್ರ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

“ನಿನ್ನೆ ಸಂಜೆ ಮನೇಲಿ ಏನ್ ಮಾತಾಡಿದ್ರಿ, ಮುನಿರಾಮಣ್ಣ?”

“ನೆಂಟರು ಬಂದಿದ್ರು. ನಾಳೆ ಎತ್ತು ಕಟ್ಟಿ ಕುಂಟೆ ಹೊಡೆಸ್ತೀನಿ, ಒಂದ್ ಕಳೆನೂ ಉಳಿಸಲ್ಲ ಅಂದೆ.”

“ಯಲ್ಲಮ್ಮ ಎಲ್ಲಿ?”

“ನನ್ ಎಂಡ್ರಾ? ಒಳಗೇ ಕೂತವಳೆ. ಕಳ್ತನ ಅಂದ್ರೂ ಎದ್ದು ಬರ್ಲಿಲ್ಲ.”

ಆಶಾ ಗಂಡಹೆಂಡತಿ ಇಬ್ಬರನ್ನೂ ಅಕ್ಬರ್ ಪಾಷಾನ ಹಿತ್ತಿಲಿಗೆ ಕರೆದೊಯ್ದಳು. ಅಕ್ಬರ್ ದನಕ್ಕೆ ಹುಲ್ಲು ಹಾಕುತ್ತಿದ್ದ. ಗೋಡೆಗೆ ಒರಗಿಸಿದ್ದ ತೆಂಗಿನ ಗರಿಗಳನ್ನು ಅವಳು ಸರಿಸಿದಾಗ ಮೂರೂ ಗಿಡ ಹೂವಿನ ಸಮೇತ ಕಂಡವು.

“ನೋಡಿದ್ರಾ!” ಮುನಿರಾಮಯ್ಯ ಎಗರಿದ.

“ಸುಮ್ನಿರಿ ಸ್ವಲ್ಪ. ದನದ ಭಯಕ್ಕೆ ಕಿತ್ತಿದ್ರೆ ಎಲ್ಲಾ ಉಮ್ಮತ್ತಿನೂ ಹೋಗ್ಬೇಕಿತ್ತು. ಹೋಗಿರೋದು ಚೆಂದದ್ದು ಮಾತ್ರ, ಬೇರು ಮಣ್ಣು ಸಮೇತ. ಅಂದ್ರೆ ಬದುಕಿಸೋಕೆ. ಹೊರಗಿನ ಕಳ್ಳ ಗುಂಡಿ ಮುಚ್ಚಿ ತಟ್ಟಲ್ಲ, ಆ ಹೊಲದಲ್ಲಿ ದಿನಾ ಓಡಾಡೋರು ಮುಚ್ತಾರೆ. ಕುಂಟೆ ಮಾತು ಕೇಳಿಸ್ಕೊಂಡಿದ್ದು ಮನೆಯವರು. ಏನ್ ಕಳೆದಿದೆ ಅಂತ ನೋಡೋಕೂ ಬರದೇ ಇದ್ದಿದ್ದು ಯಲ್ಲಮ್ಮ ಒಬ್ಳೇ. ಇನ್ನು, ಮಾಡದ ತಪ್ಪಿಗೆ ಬಾಯ್ಮುಚ್ಕೊಂಡಿರೋನು ಇನ್ನೊಬ್ಬರ ಗುಟ್ಟು ಕಾಯ್ತಿರ್ತಾನೆ. ಅದಕ್ಕೇ ಇಲ್ಲಿ ಹುಡುಕಿದೆ.”

ಯಲ್ಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಉಳಿಸಿ ಅಂದ್ರೆ ಕಳೆಗೆ ಅಳ್ತಾಳೆ ಅಂತ ಇವರು ನಗ್ತಾರೆ, ಅದಕ್ಕೇ ರಾತ್ರಿನೇ ಕಿತ್ತು ಇಲ್ಲಿ ತಂದಿಟ್ಟೆ. ಯೋಳ್ಬ್ಯಾಡ ಅಂತ ಅಕ್ಬರಣ್ಣನ ಹತ್ರ ಆಣೆ ಹಾಕಿಸ್ಕೊಂಡೆ.”

“ಸುತ್ತ ಹುಲ್ಲು ಕಿತ್ತು ಒಪ್ಪ ಮಾಡ್ತಿದ್ದೋಳೂ ನೀನೇನಾ?” ಆಶಾ ಕೇಳಿದಳು.

“ನಾನಲ್ಲ.”

ಮುನಿರಾಮಯ್ಯ ತಲೆ ತಗ್ಗಿಸಿದ. “ನಾನೇ. ಕುಂಟೇನ ಆ ಗಿಡ ಬಿಟ್ಟು ಸುತ್ತಾ ಹೊಡೆಸ್ತಿದ್ದೆ. ರೈತ ಆಗಿ ಕಳೆ ಸಾಕ್ತೀನಿ ಅಂತ ನೆಂಟರ ಮುಂದೆ ಎಂಗಮ್ಮಿ ಯೋಳ್ಲಿ?”

ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಕದ್ದು ಒಂದೇ ಹೂವನ್ನು ಮೆಚ್ಚಿದ್ದರು. ನನಗೆ ಇಬ್ಬರ ಮೇಲೂ ವಿಪರೀತ ಪ್ರೀತಿ ಬಂತು.

ಅವನು ಅಕ್ಬರ್‌ನತ್ತ ತಿರುಗಿದ. “ಊರೆಲ್ಲಾ ಕೇಳಂಗೆ ಕಳ್ಳ ಅಂದ್ನಲ್ಲೋ. ಯಾಕೋ ಸುಮ್ಕಿದ್ದೆ?”

“ತಂಗಿಗೆ ಮಾತು ಕೊಟ್ಟಿದ್ದೆ. ನಿನ್ ಕೋಪ ಇಳೀತದೆ ಅಂತ ಗೊತ್ತಿತ್ತು. ಭಾನುವಾರದೊಳಗೆ ಇಳೀತದಾ ಅಂತ ಮಾತ್ರ ಭಯ ಇತ್ತು ಕಣೋ.”

ಮುನಿರಾಮಯ್ಯ ಟವಲ್ಲನ್ನು ತಲೆಗೆ ಸುತ್ತಿ ಮುಂದಿನ ಅಂಗಳಕ್ಕೆ ಹೋದವನೇ, ಚಪ್ಪರಕ್ಕೆ ಗುಂಡಿ ತೋಡುತ್ತಿದ್ದ ಆಳಿನ ಕೈಯಿಂದ ಹಾರೆ ಕಿತ್ತುಕೊಂಡ.

“ಬಿಡಪ್ಪ ಇತ್ಲಾಗೆ. ನಮ್ ಹುಡುಗಿ ಚಪ್ಪರದ ಕಂಬ ನಾನೇ ನೆಡ್ತೀನಿ.”