ಹೊರಳಿದ ತತ್ತಿಗಳು

ಯುದ್ಧದ ಕಾಲದಲ್ಲಿ ನಾವು ಕೋಸಗಿ ಸ್ಟೇಷನ್ನಿನ ಹಿಂದೆ ಇದ್ದೆವು. ನಮ್ಮ ಬೂದು ಹೇಂಟೆ ಕಾವಿಗೆ ಕೂತಿದ್ದಾಗಲೇ ಬೇನೆ ಬಂದು ಸತ್ತಿತು. ನಮ್ಮನೆಯವರು ಆದವಾನಿಯ ಒಂದು ಬಂಗಲೆಯಲ್ಲಿ ದೀಪದ ಶಾಖದಿಂದ ಮರಿ ಮಾಡುವ ಪೆಟ್ಟಿಗೆ ನೋಡಿದ್ದರು. ಅದೇ ರೀತಿ ತಗಡಿನ ಪೆಟ್ಟಿಗೆಗೆ ಹೊಟ್ಟು ತುಂಬಿ, ಅದರ ತತ್ತಿಗಳನ್ನಿಟ್ಟು, ಪೆಟ್ಟಿಗೆಯ ಕೆಳಗೆ ಲಾಂದ್ರ ಹಚ್ಚಿದರು.

ಅತ್ತೆ ಊರಮ್ಮ ಪ್ರತಿ ತತ್ತಿಗೂ ಇದ್ದಿಲಿನ ಗೆರೆ ಎಳೆದರು. ಮುಂಜಾನೆ ಗೆರೆ ಮೇಲೆ, ಸಂಜೆ ಕೆಳಗೆ. ಯಾರಿಗೆ ಬಿಡುವೋ ಅವರು ಹೊರಳಿಸಬೇಕು. ನಾನು ಹೋದಾಗಲೆಲ್ಲ ಅವು ಆಗಲೇ ಹೊರಳಿರುತ್ತಿದ್ದವು.

ಒಂದು ಮುಂಜಾನೆ ಅತ್ತೆ ಅಂದರು, "ಚಲೋ ನೋಡ್ಕೊಳ್ಳಾಕತ್ತೀ ಪೀರಮ್ಮ. ನಾ ಬರೂದ್ರಾಗ ತತ್ತಿ ಹೊಳ್ಳಿಸಿರ್ತಿ."

"ನಾ ಮುಟ್ಟೇ ಇಲ್ಲ ಅತ್ತಿ. ನೀವ ಅಂತ ತಿಳ್ಕೊಂಡಿದ್ದೆ."

ಪೆಟ್ಟಿಗೆ ತೆರೆದು ನೋಡಿದೆವು. ಸೀಮೆಎಣ್ಣೆ ಸಿಗದೆ ಲಾಂದ್ರ ಹಿಂದಿನ ದಿನವೇ ಆರಿ ತಣ್ಣಗಾಗಿತ್ತು. ತತ್ತಿಗಳು ಮಾತ್ರ ಬೆಚ್ಚಗಿದ್ದವು.

"ಇರ್ಲಿ ಬಿಡು," ಎಂದು ಅತ್ತೆ, ಹೇಂಟೆಗೆ ಹಾಕುತ್ತಿದ್ದಂತೆಯೇ, ಪೆಟ್ಟಿಗೆಯ ಮುಂದೆ ಒಂದು ಹಿಡಿ ನವಣೆ ಚೆಲ್ಲಿದರು. ಸಂಜೆಗೆ ಒಂದು ಕಾಳೂ ಉಳಿದಿರಲಿಲ್ಲ.

ಎಲ್ಲ ತತ್ತಿಗಳೂ ಮರಿಯಾದವು. ಮನೆ ತುಂಬ ಚಿಲಿಪಿಲಿ. ನಮಗೆ ಹಿಗ್ಗೋ ಹಿಗ್ಗು. ಒಂದು ಮಧ್ಯಾಹ್ನ ಅಂಗಳದಲ್ಲಿ ಹದ್ದಿನ ನೆರಳು ಹಾಯಿತು. ಮರಿಗಳು ಒಳಗೆ ಓಡಿ ಬರಲಿಲ್ಲ. ಬಿಸಿಲಿನ ನಡುವೆಯೇ ಒತ್ತಾಗಿ ಕೂತು ಕಣ್ಣು ಮುಚ್ಚಿದವು. ಇಳಿಯುತ್ತಿದ್ದ ಹದ್ದು ಅರ್ಧಕ್ಕೇ ರೆಕ್ಕೆ ಬಡಿದು ಮೇಲೆ ಹೋಯಿತು.

ಮರಿಗಳನ್ನು ಎತ್ತಿಕೊಳ್ಳಲು ನಾನು ಬಗ್ಗಿ ಕೈ ಚಾಚಿದೆ. ಮರಿಗಳು ಕಣ್ಣು ಮುಚ್ಚಿಯೇ ಇದ್ದವು; ಮುಂಗೈಗೆ ಕಣ್ಣಿಗೆ ಕಾಣದ ಒಂದು ದೊಡ್ಡ ಕೊಕ್ಕು ಬಲವಾಗಿ ಕುಕ್ಕಿತು.

ಆ ಕಲೆ ಈಗಲೂ ಇದೆ.